ಕಣ್ಣು ಮುಚ್ಚಿದರೆ ಏನೂ ಕಾಣದವರಿಗೆ ಒಳಮನೆ ಇರುವುದಿಲ್ಲವೇ?

ಮಸುಕು ಗಾಜು:

ನನಗಿರುವುದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಅಂದರೆ ನಾವೆಲ್ಲ ಚಿಕ್ಕದಾಗಿ ಡಿಐಡಿ ಎನ್ನುವ ಸ್ಥಿತಿ, ಎಂದು ಗೊತ್ತಾಗಿ ಎರಡು ವರ್ಷವಾಯಿತು. ಒಬ್ಬರೊಳಗೇ ಬೇರೆಬೇರೆ ಗುರುತಿನ ಹಲವರು ಇದ್ದು, ಒಮ್ಮೊಮ್ಮೆ ಒಬ್ಬೊಬ್ಬರು ಮುಂದೆ ಬಂದು ದೇಹವನ್ನು ನಡೆಸುವ, ಆಗ ನಡೆದದ್ದು ಎಷ್ಟೋ ಸಲ ಉಳಿದವರಿಗೆ ನೆನಪಿರದ ಸ್ಥಿತಿ ಇದು. ಒಳಗೆ ನಾನಲ್ಲದೆ ಇನ್ನೂ ನಾಲ್ವರಾದರೂ ಇದ್ದಾರೆಂಬುದು ಡೈರಿಯಲ್ಲಿ ಬದಲಾಗುವ ಕೈಬರಹದಿಂದಲೂ, ಮಾಡಿದ ನೆನಪೇ ಇಲ್ಲದ ಕೆಲಸಗಳು ಮುಗಿದು ಕೂತಿರುವುದರಿಂದಲೂ ನನಗೆ ತಿಳಿಯುತ್ತದೆ. ಇಷ್ಟು ದಿನ ಚಿಕಿತ್ಸೆಯು ನಿದ್ದೆ, ದಿನಚರಿ, ಗ್ರೌಂಡಿಂಗ್ (ಮನಸ್ಸನ್ನು ಈ ಕ್ಷಣಕ್ಕೆ ಮರಳಿ ತರುವ ಅಭ್ಯಾಸ) ಇವುಗಳ ಸುತ್ತಲೇ ನಡೆದಿತ್ತು. ಕಳೆದ ತಿಂಗಳು ನನ್ನ ಥೆರಪಿಸ್ಟ್ ಹೊಸದೊಂದನ್ನು ಪ್ರಯತ್ನಿಸೋಣವೆಂದರು. ಕಣ್ಣು ಮುಚ್ಚಿಕೊಂಡು ಒಂದು ಕೋಣೆಯನ್ನು, ಅದರ ನಡುವೆ ಒಂದು ಮೇಜನ್ನು, ಸುತ್ತ ಕುರ್ಚಿಗಳನ್ನು ಮನಸ್ಸಿಗೆ ತಂದುಕೊಂಡು, ಒಳಗಿನವರಲ್ಲಿ ಇಷ್ಟವಿರುವವರು ಬಂದು ಕುಳಿತುಕೊಳ್ಳಲಿ ಎಂದು ಕರೆಯಬೇಕಿತ್ತು.

ನಾನು ಕರೆದೆ. ಕೋಣೆ ಬರಲಿಲ್ಲ, ಮೇಜೂ ಬರಲಿಲ್ಲ. ಕತ್ತಲೆ ಕಂಡಿತು ಎಂದರೂ ಸುಳ್ಳಾಗುತ್ತದೆ, ಏಕೆಂದರೆ ಕತ್ತಲೆಯನ್ನಾದರೂ ನೋಡಬಹುದು. ಕಣ್ಣು ತೆರೆದು ಕುಳಿತಿರುವಾಗ ನಮ್ಮ ಬೆನ್ನ ಹಿಂದಿನದು ನಮಗೆ ಎಷ್ಟು ಕಾಣುತ್ತದೆಯೋ ಅಷ್ಟೇ ನನಗೆ ಕಂಡದ್ದು. ಮೂರು ವಾರ ಮನೆಯಲ್ಲಿಯೂ ಪ್ರಯತ್ನಿಸಿದೆ. ಒಂದು ಸಂಜೆ ಹಟ ಹಿಡಿದು ಕುಳಿತಾಗ ತಲೆಯ ಹಿಂಭಾಗ ಬಿಗಿಯತೊಡಗಿತು. ಮತ್ತೆ ನನ್ನ ಅರಿವಿಗೆ ಬಂದಾಗ 40 ನಿಮಿಷ ಕಳೆದಿತ್ತು, ಕಾಲಿನಲ್ಲಿ ಚಪ್ಪಲಿ ಇತ್ತು, ಮುಂಬಾಗಿಲು ತೆರೆದಿತ್ತು.

ಈ ವೇದಿಕೆಯ ಹಳೆಯ ಬರಹಗಳಲ್ಲಿ ಕೆಲವರು ತಮ್ಮೊಳಗಿನ ಕಾಡನ್ನು, ಹಡಗನ್ನು, ಮೂರು ಅಂತಸ್ತಿನ ಮನೆಯನ್ನು ಗೋಡೆಯ ಬಣ್ಣದ ಸಹಿತ ವರ್ಣಿಸಿದ್ದಾರೆ. ಅದನ್ನು ಓದಿದಾಗಲೆಲ್ಲ, ನನ್ನದು ನಿಜವಾದ ಡಿಐಡಿಯೇ ಅಲ್ಲವೇನೋ, ವೈದ್ಯರನ್ನೂ ನನ್ನನ್ನೂ ನಾನೇ ಮೋಸಗೊಳಿಸುತ್ತಿದ್ದೇನೇನೋ ಎಂಬ ಅನುಮಾನ ಮೇಲೇಳುತ್ತದೆ. ಡಿಐಡಿ ಇರುವ ಎಲ್ಲರಿಗೂ ಇಂಥ ಒಳಲೋಕ ಇರಲೇಬೇಕೇ? ಇರುವವರು ಅದನ್ನು ಕಟ್ಟಿಕೊಂಡಿರೋ, ಇದ್ದದ್ದನ್ನು ಕಂಡುಕೊಂಡಿರೋ?

ನಿರ್ವಾಹಕರು:

ಉತ್ತರಿಸುವವರಲ್ಲಿ ಒಂದು ವಿನಂತಿ. ಒಳಜಾಗದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಅಲ್ಲಿನ ಕೋಣೆಗಳಲ್ಲಿ ಇರಿಸಿರುವ ಆಘಾತದ ನೆನಪುಗಳ ವಿವರಗಳನ್ನು ಮಾತ್ರ ದಯವಿಟ್ಟು ಬರೆಯಬೇಡಿ. ಓದುವ ಕಣ್ಣುಗಳ ಹಿಂದೆ ಎಷ್ಟು ವಯಸ್ಸಿನವರು ಕುಳಿತಿರುತ್ತಾರೋ ನಮಗೆ ತಿಳಿಯದು.

ಹದಿಮೂರು ಮೆಟ್ಟಿಲು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಮ್ಮ ಮನೆಯನ್ನು ನಾವು ಕಟ್ಟಲಿಲ್ಲ. ಚಿಕಿತ್ಸೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಡಿಐಡಿ ಎಂಬ ಹೆಸರನ್ನು ಕೇಳುವುದಕ್ಕೂ ಮೊದಲೇ, ನಿದ್ದೆ ಹತ್ತುವ ಹೊತ್ತಿಗೆ ನಾನು ಪ್ರತಿ ರಾತ್ರಿ ಒಂದೇ ಏಣಿಮೆಟ್ಟಿಲನ್ನು ಇಳಿಯುತ್ತಿದ್ದೆ. ಮೆಟ್ಟಿಲುಗಳು ಹದಿಮೂರು. ಹತ್ತನೆಯದು ಉಳಿದವುಗಳಿಗಿಂತ ತುಸು ಎತ್ತರವಾಗಿರುವುದರಿಂದ ಅಲ್ಲಿ ಕಾಲು ತಡವರಿಸುತ್ತದೆ. ಕೆಳಗೆ ಉದ್ದನೆಯ ಪಡಸಾಲೆ, ಎಡಕ್ಕೆ ಮೂರು ಬಾಗಿಲು, ಬಲಕ್ಕೆ ಒಂದೇ ಬಾಗಿಲು. ಎಲ್ಲರ ಮನಸ್ಸಿನಲ್ಲಿಯೂ ಇಂಥದೊಂದು ಮನೆ ಇರುತ್ತದೆ ಎಂದೇ ತುಂಬ ದೊಡ್ಡವಳಾಗುವವರೆಗೂ ನಂಬಿದ್ದೆ.

ಆದರೆ ಕಂಡುಕೊಂಡದ್ದನ್ನು ಬದಲಿಸಲಿಕ್ಕೆ ಆಗುತ್ತದೆಯೇ ಎಂದು ಕೇಳಿದರೆ, ಕೆಲವನ್ನು ಆಗುತ್ತದೆ, ಕೆಲವನ್ನು ಆಗುವುದಿಲ್ಲ. ಒಳಗಿನವರಲ್ಲಿ ಚಿಕ್ಕವಳೊಬ್ಬಳಿದ್ದಾಳೆ. ಆರು ವರ್ಷದವಳೆಂದು ಹೇಳುತ್ತಾಳೆ, ಆ ವಯಸ್ಸು ಹದಿನೈದು ವರ್ಷಗಳಿಂದ ಬದಲಾಗಿಲ್ಲ. ಅವಳ ಕೋಣೆಯಲ್ಲಿ ದೀಪದ ಸ್ವಿಚ್ಚು ದೊಡ್ಡವರ ಎತ್ತರಕ್ಕಿತ್ತು. ಅವಳಿಗೆ ಅದು ಎಟುಕುತ್ತಿರಲಿಲ್ಲ, ಯಾರಾದರೂ ಬಂದು ಹಾಕುವವರೆಗೆ ಅವಳು ಕತ್ತಲೆಯಲ್ಲಿ ಕಾಯುತ್ತಿದ್ದಳು. ನಾನು ಅವಳಿಗೆ ಹೊಸ ಕೋಣೆ ಮಾಡಿಕೊಡಲು, ಗೋಡೆಗೆ ತಿಳಿಹಳದಿ ಬಳಿಯಲು, ಕಿಟಕಿ ಕೊರೆಯಲು ತಿಂಗಳುಗಟ್ಟಲೆ ಹೆಣಗಿದೆ. ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಹಳೆಯ ಬಣ್ಣಕ್ಕೆ ತಿರುಗುತ್ತಿತ್ತು. ಕಡೆಗೆ ಒಂದು ದಿನ ನಿನಗೆ ಏನು ಬೇಕು ಎಂದು ಅವಳನ್ನೇ ಕೇಳಿದೆ. ಸ್ವಿಚ್ಚು ಕೆಳಗಿರಲಿ ಎಂದಳು. ಅಷ್ಟೇ. ಸ್ವಿಚ್ಚನ್ನು ಅವಳ ಭುಜದ ಎತ್ತರಕ್ಕೆ ಇಳಿಸಿದೆವು, ಅದು ಇವತ್ತಿಗೂ ಅಲ್ಲೇ ಇದೆ, ಮತ್ತು ಆ ವಾರದಿಂದ ನಡುರಾತ್ರಿ ನನ್ನ ದೇಹವು ದೀಪ ಹಾಕಿಕೊಂಡು ಎದ್ದು ಕೂರುವುದು ಬಹಳ ಮಟ್ಟಿಗೆ ನಿಂತಿತು.

ಬಲಗಡೆಯ ಬಾಗಿಲಿನ ಹಿಡಿ ಮಾತ್ರ ಆ ಬದಿಗಿದೆ. ನಾನು ಅದನ್ನು ತೆರೆಯಲಾರೆ, ತೆರೆಯಲು ಹೋಗುವುದೂ ಇಲ್ಲ.

ಬಲಗಿವಿ:

ಮಸುಕು ಗಾಜು ಅವರೇ, ನಿಮಗೆ ಇನ್ನೊಂದು ದಿಕ್ಕಿನ ಉತ್ತರ ಬೇಕಾಗಿದೆ ಎನಿಸುತ್ತದೆ. ಡಿಐಡಿಯನ್ನು ಬದಿಗಿಟ್ಟು ಸುಮ್ಮನೆ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮಗೆ ತುಂಬ ಪರಿಚಿತವಾದ ಒಂದು ವಸ್ತುವನ್ನು, ದಿನವೂ ಹಿಡಿಯುವ ಬಾಚಣಿಗೆಯನ್ನೋ ಬೀಗದ ಕೈಯನ್ನೋ, ಕಣ್ಣು ಮುಚ್ಚಿ ನೋಡಲು ಸಾಧ್ಯವೇ? ಆಗದಿದ್ದರೆ ನೀವೂ ನನ್ನ ಹಾಗೆಯೇ ಇರಬಹುದು. ಮನಸ್ಸಿನ ಕಣ್ಣಿಗೆ ಚಿತ್ರವೇ ಬಾರದ ಈ ಗುಣಕ್ಕೆ ಅಫ್ಯಾಂಟೇಸಿಯಾ ಎಂಬ ಹೆಸರನ್ನು 2015ರಲ್ಲಿ ನರವಿಜ್ಞಾನಿ ಆಡಮ್ ಝೀಮನ್ ಮತ್ತು ಸಂಗಡಿಗರು ಇಟ್ಟರು. ಹೆಸರು ಹೊಸದಾದರೂ ಸಂಗತಿ ಹಳೆಯದು. ಬೆಳಗಿನ ಊಟದ ಮೇಜನ್ನು ನೆನಪಿಸಿಕೊಂಡು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಹೇಳಿ ಎಂದು ಫ್ರಾನ್ಸಿಸ್ ಗಾಲ್ಟನ್ ಜನರನ್ನು ಕೇಳಿ 1880ರಲ್ಲೇ ಪ್ರಕಟಿಸಿದ್ದಾನೆ. ಒಳಗಣ್ಣು ಎಂಬುದು ಬರೀ ಮಾತಿನ ಅಲಂಕಾರವೆಂದು ನಂಬಿದ್ದವರು ಆಗಲೇ ಅವನಿಗೆ ಸಿಕ್ಕಿದ್ದರು, ಅವರಲ್ಲಿ ವಿಜ್ಞಾನಿಗಳೂ ಇದ್ದರು. ಇದು ಕಾಯಿಲೆಯಲ್ಲ. ಡಿಐಡಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇದು ಸಾಕ್ಷಿಯಲ್ಲ.

ಇನ್ನೂ ಒಂದು ವಿಷಯ ನನಗೆ ಬಹಳ ಸಮಾಧಾನ ಕೊಟ್ಟಿತು. ಅಫ್ಯಾಂಟೇಸಿಯಾ ಇರುವವರಿಂದ, ತಾವು ನೋಡಿದ ಕೋಣೆಯೊಂದರ ಚಿತ್ರವನ್ನು ಸಂಶೋಧಕರು ನೆನಪಿನಿಂದ ಬರೆಸಿ ನೋಡಿದ್ದಾರೆ. ವಸ್ತುಗಳ ಬಣ್ಣ ಮತ್ತು ವಿವರ ಅವರಲ್ಲಿ ಕಡಿಮೆಯಾಗಿದ್ದರೂ, ಯಾವುದು ಎಲ್ಲಿತ್ತು ಎಂಬ ಅಂದಾಜು ಉಳಿದವರಷ್ಟೇ ಸರಿಯಾಗಿತ್ತು. ಅಂದರೆ ಕಾಣುವುದು ಬೇರೆ, ಎಲ್ಲಿದೆಯೆಂದು ತಿಳಿಯುವುದು ಬೇರೆ. ಕತ್ತಲಾದಾಗ ನಿಮ್ಮ ಮನೆಯಲ್ಲಿ ನೀವು ಗೋಡೆಗೆ ಹಾಯದೆ ನಡೆಯುವುದಿಲ್ಲವೇ, ಹಾಗೆ.

ನಮ್ಮ ಒಳಜಾಗದಲ್ಲಿ ನೋಡುವಂಥದ್ದು ಒಂದೂ ಇಲ್ಲ. ಇರುವುದು ದಿಕ್ಕು, ದೂರ, ಭಾರ, ಶಬ್ದ. ಕೋಪಿಷ್ಠನೊಬ್ಬನಿದ್ದಾನೆ, ಅವನು ಯಾವಾಗಲೂ ಬಲಗಿವಿಯ ಹಿಂದೆ, ಒಂದು ಮೊಳದಷ್ಟು ದೂರದಲ್ಲಿರುತ್ತಾನೆ. ಹತ್ತಿರ ಬಂದರೆ ಆ ಬದಿಯ ದವಡೆ ಬಿಗಿಯುತ್ತದೆ. ಇನ್ನೊಬ್ಬರು ಎದೆಗೂಡಿನ ಕೆಳಗೆ ಎಲ್ಲೋ ಆಳದಲ್ಲಿ ಮಲಗಿರುತ್ತಾರೆ, ಅವರು ಎದ್ದರೆ ಕೈಬೆರಳು ತಣ್ಣಗಾಗುತ್ತದೆ. ನಾನು ಮೇಜು ಕುರ್ಚಿಗಳ ಗೊಡವೆಗೆ ಹೋಗದೆ, ದಿನಕ್ಕೆರಡು ಬಾರಿ ಯಾರು ಎಲ್ಲಿದ್ದೀರಿ ಎಂದು ಕೇಳಿ ದೇಹದ ಉತ್ತರವನ್ನು ಗಮನಿಸುತ್ತೇನೆ. ಇದೂ ಒಳಜಾಗವೇ. ಇದಕ್ಕೆ ಗೋಡೆ ಬೇಕಾಗಿಲ್ಲ.

ಪೆನ್ಸಿಲ್ಲಿನವರು:

ನಾವು ಒಳಗೆ ಕಾಣುವುದನ್ನು ಬಿಟ್ಟು ಹೊರಗೆ ಬರೆದವರು. ಕಾಣುವುದಿಲ್ಲವೆಂದಲ್ಲ, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ನಾನು ತೋಟವೆಂದರೆ ಇನ್ನೊಬ್ಬಳು ಅಲ್ಲಿರುವುದು ನೀರು ಎನ್ನುತ್ತಿದ್ದಳು. ಹಾಗಾಗಿ ದೊಡ್ಡದೊಂದು ಬಿಳಿಹಾಳೆಯನ್ನು ಬರೆಯುವ ಮೇಜಿನ ಖಾನೆಯಲ್ಲಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಇಟ್ಟು, ಮುಂದೆ ಬಂದವರು ತಮಗೆ ತಿಳಿದಷ್ಟನ್ನು ಸೇರಿಸಬಹುದು ಎಂದು ಮೇಲ್ತುದಿಯಲ್ಲಿ ಬರೆದಿಟ್ಟೆ. ಮೊದಲ ಎರಡು ವಾರ ಹಾಳೆಯಲ್ಲಿ ನನ್ನದೇ ಗೆರೆಗಳಿದ್ದವು. ಆಮೇಲೆ ಒಂದು ಮೂಲೆಯಲ್ಲಿ ನಡುಗುವ ಕೈಯ ಪುಟ್ಟ ಚೌಕ ಬಂತು. ಅದರ ಪಕ್ಕದಲ್ಲಿ, ನನ್ನದಲ್ಲದ ಬಲಕ್ಕೆ ವಾಲುವ ಅಕ್ಷರದಲ್ಲಿ, "ಇಲ್ಲಿ ಸದ್ದು ಮಾಡಬೇಡಿ" ಎಂದಿತ್ತು.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ. ಹಾಳೆಯ ಕೆಳಗಿನ ಮೂಲೆಯನ್ನು ಯಾರೋ ಪೆನ್ಸಿಲ್ಲಿನಿಂದ ಕಾಗದ ಹರಿಯುವ ಹಾಗೆ ಕಪ್ಪಗೆ ತೀಡಿದ್ದರು. ಒಟ್ಟು ಚಿತ್ರ ಅಂದಗೆಡುತ್ತದೆಂದು ನಾನು ಅದನ್ನು ರಬ್ಬರಿನಿಂದ ಅಳಿಸಿದೆ. ಪೂರ್ತಿ ಅಳಿಯಲೂ ಇಲ್ಲ, ಬೂದುಬಣ್ಣಕ್ಕೆ ತಿರುಗಿತು. ಅದಾದ ಮೇಲೆ ಒಂಬತ್ತು ದಿನ ಒಳಗಿನಿಂದ ಒಂದು ಮಾತೂ ಬರಲಿಲ್ಲ, ಡೈರಿಯಲ್ಲಿ ಒಂದು ಸಾಲೂ ಬೀಳಲಿಲ್ಲ. ಆ ಕಪ್ಪು ಮೂಲೆ ಯಾರೋ ಒಬ್ಬರ ಬಾಗಿಲು, ನಾನು ಅದನ್ನು ಕಿತ್ತುಹಾಕಿದ್ದೆ. ಕ್ಷಮೆ ಕೇಳಿ, ಬೂದುಬಣ್ಣದ ಆ ಜಾಗದ ಸುತ್ತ ಒಂದು ಗೆರೆ ಎಳೆದು "ಇದು ನಿಮ್ಮದು" ಎಂದು ಬರೆದ ಮೇಲೆ, ಅದೂ ತಕ್ಷಣವಲ್ಲ, ಮತ್ತೆ ಅಲ್ಲಿ ಕಪ್ಪು ಕೂಡಿತು. ಈಗ ನಮ್ಮಲ್ಲಿರುವುದು ಒಂದೇ ಕಟ್ಟಳೆ: ಒಬ್ಬರ ಗೆರೆಯನ್ನು ಇನ್ನೊಬ್ಬರು ಅಳಿಸುವಂತಿಲ್ಲ. ತೋಟವೂ ನೀರೂ ಒಂದೇ ಜಾಗದಲ್ಲಿ ಇದ್ದುಕೊಳ್ಳಲಿ.

ಕುರ್ಚಿಯ ಈ ಬದಿ:

ನಾನು ಹಲವು ವರ್ಷಗಳಿಂದ ಇಂಥ ತೊಂದರೆಯವರೊಡನೆ ಕೆಲಸ ಮಾಡುತ್ತಿರುವ ಆಪ್ತಸಮಾಲೋಚಕಿ. ಇಲ್ಲಿ ಯಾರಿಗೂ ಚಿಕಿತ್ಸೆ ಹೇಳುತ್ತಿಲ್ಲ, ಈ ಮೇಜು ಎಲ್ಲಿಂದ ಬಂತು ಎಂಬುದನ್ನು ತಿಳಿಸಿದರೆ ಮೊದಲ ಪ್ರಶ್ನೆಯ ಭಾರ ತುಸು ಇಳಿಯಬಹುದೆಂದು ಬರೆಯುತ್ತಿದ್ದೇನೆ.

ಮೇಜಿನ ಸುತ್ತ ಒಳಗಿನವರನ್ನು ಕರೆದು ಕೂರಿಸುವ ಈ ಕ್ರಮವನ್ನು ಕೆನಡಾದ ಮನೋವೈದ್ಯ ಜಾರ್ಜ್ ಫ್ರೇಸರ್ 1991ರಲ್ಲಿ ಪ್ರಕಟಿಸಿದರು, 2003ರಲ್ಲಿ ಅದನ್ನು ಮರುಪರಿಶೀಲಿಸಿ ಮತ್ತೆ ಬರೆದರು. ಅವರ ಕ್ರಮದಲ್ಲಿ ಮೇಜಷ್ಟೇ ಅಲ್ಲ, ಮಾತನಾಡುವವರ ಮೇಲೆ ಬೀಳುವ ಬೆಳಕೂ ಇದೆ, ನೆನಪುಗಳನ್ನು ದೂರದಿಂದ ನೋಡಲು ಒಂದು ಪರದೆಯೂ ಇದೆ. ಇವೆಲ್ಲ ಕೆಲಸಕ್ಕೆ ಒದಗುವ ಉಪಕರಣಗಳು. ಬೆಳಕು ಏಕೆಂದರೆ ಒಬ್ಬರು ಮಾತನಾಡುವಾಗ ಉಳಿದವರು ಕೇಳಿಸಿಕೊಳ್ಳಲಿ ಎಂದು. ಪರದೆ ಏಕೆಂದರೆ ನೆನಪು ಮೈಮೇಲೆ ಎರಗದೆ ಅಲ್ಲೇ, ನಿಲ್ಲಿಸಬಹುದಾದ ದೂರದಲ್ಲಿ ಇರಲಿ ಎಂದು. ಉಪಕರಣ ಕೈಗೆ ಹೊಂದದಿದ್ದರೆ ಬದಲಿಸಬೇಕಾದದ್ದು ಉಪಕರಣವನ್ನು. ಯಾರಿಗೆ ಮೇಜು ಕಾಣುವುದಿಲ್ಲವೋ ಅವರ ಜೊತೆ ನಾನು ಕಾಗದ, ಬಣ್ಣದ ಕಲ್ಲು, ಕೆಲವೊಮ್ಮೆ ನಿಜವಾದ ನಾಲ್ಕು ಕುರ್ಚಿಗಳನ್ನೇ ಬಳಸಿದ್ದೇನೆ.

ಈ ಕೆಲಸಕ್ಕೆ ಒಂದು ಕಾಲವೂ ಇದೆ. ಆಘಾತ ಮತ್ತು ಡಿಸೋಸಿಯೇಶನ್ (ನೆನಪು, ಅರಿವು, ತನ್ನತನ ಒಂದರಿಂದೊಂದು ಬೇರ್ಪಡುವುದು) ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2011ರಲ್ಲಿ ಪ್ರಕಟಿಸಿದ ಮೂರನೆಯ ಪರಿಷ್ಕರಣೆಯ ಮಾರ್ಗಸೂಚಿ ಚಿಕಿತ್ಸೆಯನ್ನು ಮೂರು ಹಂತಗಳಲ್ಲಿ ನೋಡುತ್ತದೆ: ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಬಳಿಕ ಆಘಾತದ ನೆನಪುಗಳನ್ನು ಎದುರಿಸುವುದು, ಅದಾದ ಮೇಲೆ ಒಗ್ಗೂಡುವಿಕೆ ಮತ್ತು ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು. ಒಳಜಾಗವನ್ನು ಮೊದಲನೆಯ ಹಂತದಲ್ಲಿ ಬಳಸುವಾಗ ಅಲ್ಲಿ ಸಿಗಬೇಕಾದದ್ದು ಆಶ್ರಯ ಮತ್ತು ಪರಸ್ಪರ ಪರಿಚಯ ಮಾತ್ರ. ಮುಚ್ಚಿದ ಬಾಗಿಲುಗಳನ್ನು ಆ ಹಂತದಲ್ಲಿ ತಟ್ಟಬಾರದು. ಮಸುಕು ಗಾಜು ಅವರು ಬರೆದ 40 ನಿಮಿಷಗಳನ್ನೂ ತೆರೆದ ಬಾಗಿಲನ್ನೂ ನಾನಾಗಿದ್ದರೆ ಸೋಲು ಎನ್ನದೆ, ಒಳಗಿನ ಯಾರೋ ಒಬ್ಬರು "ಬೇಡ" ಎಂದು ಗಟ್ಟಿಯಾಗಿ ಹೇಳಿದ್ದು ಎಂದು ಓದಿಕೊಳ್ಳುತ್ತಿದ್ದೆ. ಮುಂದಿನ ಭೇಟಿಯಲ್ಲಿ ನಿಮ್ಮ ಥೆರಪಿಸ್ಟ್‌ಗೆ ಮೊದಲು ತಿಳಿಸಬೇಕಾದದ್ದು ಅದನ್ನೇ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರೇ ಕುಳಿತು ಇದನ್ನು ಮಾಡದಿರುವುದು ಒಳ್ಳೆಯದು.

ಇನ್ನೊಂದು ಮಾತು, ಇದು ಕೆಲವರಿಗೆ ರುಚಿಸದಿರಬಹುದು. ಡಿಐಡಿ ಎಂಬುದು ಚಿಕಿತ್ಸಕರ ಸೂಚನೆಯಿಂದಲೂ ಸುತ್ತಲಿನ ಕಥೆಗಳಿಂದಲೂ ಮೂಡುವಂಥದ್ದು ಎಂದು ವಾದಿಸುವ ವಿದ್ವಾಂಸರ ಒಂದು ಪಕ್ಷವೇ ಇದೆ. ನಾನು ಆ ಪಕ್ಷದವಳಲ್ಲ. ಆದರೂ ಅವರ ಎಚ್ಚರಿಕೆಯಲ್ಲಿ ನನ್ನಂಥವರು ಕಲಿಯಬೇಕಾದದ್ದಿದೆ. ಕಣ್ಣು ಮುಚ್ಚಿ ಸಡಿಲಗೊಂಡ ಮನಸ್ಸಿಗೆ "ಆ ಬಾಗಿಲಿನ ಹಿಂದೆ ಯಾರಿದ್ದಾರೆ" ಎಂದು ಕೇಳಿದರೆ ಅಲ್ಲಿ ಬಾಗಿಲನ್ನೂ ನಾನೇ ಇಟ್ಟಂತೆ, ಯಾರೋ ಇರಲೇಬೇಕೆಂದೂ ನಾನೇ ಹೇಳಿದಂತೆ. "ಈಗ ಏನು ಗಮನಕ್ಕೆ ಬರುತ್ತಿದೆ" ಎಂದಷ್ಟೇ ಕೇಳಿದರೆ, ಏನೂ ಇಲ್ಲ ಎಂಬ ಉತ್ತರಕ್ಕೂ ಅಲ್ಲಿ ಜಾಗವಿರುತ್ತದೆ. ಒಳಜಾಗದಲ್ಲಿ ಕಂಡ ದೃಶ್ಯವು ನಡೆದುಹೋದ ಘಟನೆಯ ಛಾಯಾಚಿತ್ರ ಎಂದು ತಿಳಿಯಬಾರದು ಎಂಬುದೂ ಇದಕ್ಕೇ ಸೇರಿದ ಮಾತು.

ಮಸುಕು ಗಾಜು:

ಎಲ್ಲರಿಗೂ ವಂದನೆಗಳು. ಬಲಗಿವಿ ಅವರೇ, ಬಾಚಣಿಗೆ ಕಾಣಲಿಲ್ಲ. ನನ್ನ ತಾಯಿಯ ಮುಖವೂ ಕಾಣಲಿಲ್ಲ, ಅದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಪ್ರೀತಿಯ ಕೊರತೆ ಎಂದುಕೊಂಡಿದ್ದೆ. ಈ ಒಂದು ಪ್ಯಾರಾ ಬರೆಯಲು ನನಗೆ ಒಂದು ಗಂಟೆ ಹಿಡಿಯಿತು.

ಗಡಿಯಾರದವನು:

ಯಾರೂ ಹೇಳದ ಇನ್ನೊಂದು ಮಗ್ಗುಲನ್ನು ನಾನು ಹೇಳಬೇಕಾಗಿದೆ. ನನಗೆ ಒಳಲೋಕ ಇತ್ತು, ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಬೆಟ್ಟ, ಕಣಿವೆ, ಹೊಳೆ, ಹೊಳೆಯ ಮೇಲೆ ಕಲ್ಲಿನ ಸೇತುವೆ. ಥೆರಪಿಯಲ್ಲಿ ಅದನ್ನು ಸುರಕ್ಷಿತ ತಾಣವೆಂದು ಕರೆದದ್ದೇ ನೆಪವಾಗಿ ನಾನು ಅಲ್ಲಿಯೇ ವಾಸಕ್ಕೆ ಹೋದೆ. ಬಿಡುವಾದಾಗಲೆಲ್ಲ ಒಳಗೆ ಇಳಿಯುತ್ತಿದ್ದೆ, ಆಮೇಲೆ ಬಿಡುವು ಮಾಡಿಕೊಂಡೇ ಇಳಿಯತೊಡಗಿದೆ. ಒಮ್ಮೆ ಬೆಳಗ್ಗೆ ಹತ್ತಕ್ಕೆ ಕಣ್ಣು ಮುಚ್ಚಿದವನು ತೆರೆದಾಗ ಎರಡು ದಾಟಿತ್ತು. ಫೋನಿನಲ್ಲಿ ಹನ್ನೊಂದು ಕರೆಗಳು ಬಂದು ಹೋಗಿದ್ದವು, ಆ ಪೈಕಿ ಏಳು ಕಚೇರಿಯವು. ಹೊರಗಿನ ಬದುಕು ಸವೆದಷ್ಟೂ ಒಳಗಿನ ಕಣಿವೆ ಹಸಿರಾಗುತ್ತಿತ್ತು, ಅದನ್ನು ನಾನು ಗುಣವಾಗುತ್ತಿರುವ ಲಕ್ಷಣವೆಂದು ತಿಳಿದಿದ್ದೆ.

ಮನೋವಿಜ್ಞಾನಿ ಎಲಿ ಸೋಮರ್ 2002ರಲ್ಲಿ ಮ್ಯಾಲಡ್ಯಾಪ್ಟಿವ್ ಡೇಡ್ರೀಮಿಂಗ್ ಎಂದು ಕರೆದ, ಬದುಕನ್ನೇ ನುಂಗುವ ಹಗಲುಗನಸು ಡಿಐಡಿಗಿಂತ ಬೇರೆಯಾದ ಸಂಗತಿ. ಆದರೂ ಒಂದರ ಮನೆಯಲ್ಲಿ ಇನ್ನೊಂದು ಬಾಡಿಗೆಗೆ ಇರಬಹುದೆಂಬುದಕ್ಕೆ ನಾನೇ ಉದಾಹರಣೆ. ಈಗ ನನ್ನ ಸೇತುವೆಯ ಮೇಲೆ ಒಂದು ಗಡಿಯಾರವಿದೆ. ಒಳಗಿನವರೆಲ್ಲ ಒಪ್ಪಿಯೇ ಅದನ್ನು ಅಲ್ಲಿಟ್ಟದ್ದು. ಹೊರಗೆ ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಡುತ್ತೇನೆ. ಅದು ಹೊಡೆದಾಗ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳನ್ನು ಬಾಯಿಬಿಟ್ಟು ಹೆಸರಿಸಿ, ಇವತ್ತಿನ ತಾರೀಖನ್ನು ಹೇಳಿ ಏಳುತ್ತೇನೆ. ತಾರೀಖು ಹೇಳುವುದು ನನಗಾಗಿ ಅಲ್ಲ. ಇನ್ನೂ ಹಳೆಯ ವರ್ಷದಲ್ಲೇ ಇರುವ ಒಬ್ಬನು ಒಳಗಿದ್ದಾನೆ, ಅವನು ಕೇಳಿಸಿಕೊಳ್ಳಲಿ ಎಂದು.

ಹದಿಮೂರು ಮೆಟ್ಟಿಲು ಅವರ ಬರಹ ಸುಂದರವಾಗಿದೆ, ಅದೇ ನನ್ನ ಆತಂಕ. ಮನೆಯನ್ನು ಇಷ್ಟು ಚೆನ್ನಾಗಿ ವರ್ಣಿಸಿದರೆ ಓದುವವರು ತಮಗೂ ಒಂದು ಬೇಕೆಂದು ಕಟ್ಟಲು ಕೂರುತ್ತಾರೆ.

ಹದಿಮೂರು ಮೆಟ್ಟಿಲು:

ಆತಂಕ ನ್ಯಾಯವಾದದ್ದೇ, ಒಪ್ಪಿದೆ. ಆದರೆ ಮನೆ ಸುಂದರವಾಗಿದೆಯೆಂದು ನಾನು ಎಲ್ಲಿಯೂ ಹೇಳಿಲ್ಲ. ಪಡಸಾಲೆಯಲ್ಲಿ ತೇವದ ವಾಸನೆ, ಮೇಲಿನ ಅಟ್ಟದಿಂದ ರಾತ್ರಿಯಿಡೀ ಏನನ್ನೋ ಎಳೆದಾಡುವ ಸದ್ದು. ಅಲ್ಲಿ ವಾಸಕ್ಕೆ ಹೋಗಲು ನನಗೆ ಎಂದೂ ಮನಸ್ಸಾಗಿಲ್ಲ. ಅಲ್ಲಿಗೆ ಇಳಿಯುವುದು ಅಲ್ಲಿರುವವರನ್ನು ವಿಚಾರಿಸಿಕೊಂಡು ಬರುವುದಕ್ಕೆ. ನಿಮ್ಮ ಕಣಿವೆಯಲ್ಲಿ ನೀವು ನಾಲ್ಕು ಗಂಟೆ ಇದ್ದಾಗ ಉಳಿದವರು ಎಲ್ಲಿದ್ದರು, ಅವರೊಡನೆ ಮಾತಾಗುತ್ತಿತ್ತೇ?

ಗಡಿಯಾರದವನು:

ಇಲ್ಲ. ಯಾರೂ ಇರಲಿಲ್ಲ. ನೀವು ಕೇಳುವವರೆಗೆ ಅದನ್ನು ನಾನು ಹೀಗೆ ಯೋಚಿಸಿಯೇ ಇರಲಿಲ್ಲ. ಅಷ್ಟು ದೊಡ್ಡ ಕಣಿವೆಯಲ್ಲಿ ನಾನೊಬ್ಬನೇ ಇರುತ್ತಿದ್ದೆ, ಅವರೆಲ್ಲ ಹೊಳೆಯ ಆಚೆ ಬದಿಯಲ್ಲಿದ್ದರು ಎಂದು ಸೇತುವೆಗೆ ಗಡಿಯಾರ ಬಂದ ಮೇಲೆ ತಿಳಿಯಿತು.

ಒಬ್ಬಳ ಅಣ್ಣ:

ನನಗೆ ಡಿಐಡಿ ಇಲ್ಲ, ನನ್ನ ತಂಗಿಗೆ ಇದೆ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವಳ ಒಳಜಾಗದ ಬಗ್ಗೆ ನಾನು ಕೇಳಬಹುದೇ, ಕೇಳಿದರೆ ಎಷ್ಟರವರೆಗೆ ಕೇಳಬಹುದು ಎಂಬುದು ನನ್ನ ಪ್ರಶ್ನೆ.

ಇದುವರೆಗೆ ನಾನು ಕಲಿತದ್ದು ಮಾತಿನ ಮೂಲಕ. ನನ್ನ ತಂಗಿ ನನ್ನನ್ನು ಚಿಕ್ಕಂದಿನಿಂದಲೂ "ಅಣ್ಣ, ನೀನು" ಎಂದೇ ಮಾತನಾಡಿಸುವವಳು. ಕೆಲವು ಸಂಜೆ "ನೀವು ಊಟ ಮಾಡಿದಿರಾ" ಎಂದು ಕೇಳುತ್ತಾಳೆ, ಆಗ ನನ್ನೆದುರು ಇರುವುದು ನನ್ನನ್ನು ಅಣ್ಣನೆಂದು ಗುರುತಿಸದ, ತುಂಬ ಮರ್ಯಾದೆಯ, ಸ್ವಲ್ಪ ಹೆದರಿದ ಬೇರೊಬ್ಬರು. ನಾನೂ ಆಗ "ನೀವು" ಎಂದೇ ಉತ್ತರಿಸುತ್ತೇನೆ. ಒಳಗಿನವರ ಬಗ್ಗೆ ಅವಳೊಡನೆ ಮಾತನಾಡುವಾಗ "ಬಂದಳು" ಎನ್ನಬೇಕೋ "ಬಂದನು" ಎನ್ನಬೇಕೋ ತಿಳಿಯದೆ ಎಡವುತ್ತಿದ್ದೆ. ನಮ್ಮ ಭಾಷೆಯಲ್ಲಿ ಅದನ್ನು ತೀರ್ಮಾನಿಸದೆ ವಾಕ್ಯ ಮುಗಿಯುವುದೇ ಇಲ್ಲವಲ್ಲ. ಈಗ ಎಲ್ಲರಿಗೂ "ಬಂದರು" ಎನ್ನುತ್ತೇನೆ. ನಿನ್ನೆ ಅವಳು ತಾನಾಗಿಯೇ "ಅವರು ಮೇಲಿನ ಕೋಣೆಯಿಂದ ಇಳಿದು ಬಂದರು" ಎಂದಳು. ನಮ್ಮದು ಒಂದೇ ಅಂತಸ್ತಿನ ಮನೆ. ಮೇಲಿನ ಕೋಣೆ ಹೇಗಿದೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಪೆನ್ಸಿಲ್ಲಿನವರು:

ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ಮೇಲಿನ ಕೋಣೆಯ ಬದಲು, ಇಳಿದು ಬಂದವರಿಗೆ ಇಲ್ಲಿ ಏನಾದರೂ ಬೇಕೇ ಎಂದು ಕೇಳಿ. ನಕ್ಷೆಯನ್ನು ನಾವು ನಮ್ಮ ಮನೆಯವರಿಗೆ ತೋರಿಸಿದ್ದು ಒಂದೂವರೆ ವರ್ಷದ ಮೇಲೆ, ಅದೂ ಮೂರರಲ್ಲಿ ಒಂದು ಭಾಗವನ್ನು ಮಡಿಸಿ ಮುಚ್ಚಿ.

ಕುರ್ಚಿಯ ಈ ಬದಿ:

ಅಣ್ಣನವರ "ನೀವು" ಬಗ್ಗೆ ಒಂದು ಸಾಲು. ಹಳೆಯ ಬಹುವ್ಯಕ್ತಿತ್ವ ಎಂಬ ಹೆಸರನ್ನು ಅಮೆರಿಕದ ಮನೋವೈದ್ಯಕೀಯ ಕೈಪಿಡಿ 1994ರಲ್ಲಿ ಕೈಬಿಟ್ಟು ಡಿಐಡಿ ಎಂದದ್ದಕ್ಕೆ ಕಾರಣ, ಇಲ್ಲಿರುವುದು ಹಲವು ವ್ಯಕ್ತಿಗಳಲ್ಲ, ಒಂದೇ ವ್ಯಕ್ತಿಯ ಒಗ್ಗೂಡದ ಭಾಗಗಳು ಎಂಬ ತಿಳಿವಳಿಕೆ. ಇಲ್ಲಿ ಬರೆಯುವವರಲ್ಲಿ ಎಷ್ಟೋ ಮಂದಿ ಅದನ್ನು ಒಪ್ಪುವುದಿಲ್ಲವೆಂದು ನನಗೆ ಗೊತ್ತು. ಆದರೂ ಎದುರಿಗಿರುವ ಭಾಗವನ್ನು ಅದು ಬಯಸುವ ಮರ್ಯಾದೆಯಿಂದ ಮಾತನಾಡಿಸುವುದಕ್ಕೂ, ಇವರೆಲ್ಲ ಸೇರಿ ಒಬ್ಬಳೇ ತಂಗಿ ಎಂದು ತಿಳಿದಿರುವುದಕ್ಕೂ ಜಗಳವಿಲ್ಲ. ಅಣ್ಣನವರು ಇದನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದಾರೆ.

ಮಸುಕು ಗಾಜು:

ಆರು ವಾರಗಳ ಮೇಲೆ ಮರಳಿ ಬರೆಯುತ್ತಿದ್ದೇನೆ. ತೆರೆದ ಬಾಗಿಲಿನ ಸಂಜೆಯನ್ನು ಥೆರಪಿಸ್ಟ್‌ಗೆ ತಿಳಿಸಿದೆ. ಅವರು ಕ್ಷಮೆ ಕೇಳಿದರು, ಅದು ನನಗೆ ಅನಿರೀಕ್ಷಿತವಾಗಿತ್ತು. ಚಿತ್ರಿಸಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿದೆವು.

ಬದಲಿಗೆ ಹಳೆಯ ಗುಂಡಿಗಳ ಡಬ್ಬವೊಂದನ್ನು ಭೇಟಿಗೆ ತೆಗೆದುಕೊಂಡು ಹೋಗಿದ್ದೆ, ಅಂಗಿಗಳಿಂದ ಬಿದ್ದದ್ದನ್ನೆಲ್ಲ ಕೂಡಿಟ್ಟಿದ್ದು. ನಿಜವಾದ ಮೇಜು, ನಿಜವಾದ ಗುಂಡಿಗಳು, ಕಣ್ಣು ತೆರೆದೇ. ನನಗಾಗಿ ಬಿಳಿಯದೊಂದನ್ನು ಇಟ್ಟುಕೊಂಡೆ. ಆಮೇಲೆ ಕೈಯನ್ನು ಡಬ್ಬದೊಳಗೆ ಬಿಟ್ಟು ಸುಮ್ಮನಿದ್ದೆ. ಬಲಗಿವಿ ಅವರು ಹೇಳಿದ್ದು ನೆನಪಿಗೆ ಬಂತು. ಕಾಣದಿದ್ದರೂ ಬೆರಳಿಗೆ ಗೊತ್ತಿತ್ತು, ಒಂದನ್ನು ಮುಟ್ಟಿದಾಗ "ಇದಲ್ಲ", ಇನ್ನೊಂದನ್ನು ಮುಟ್ಟಿದಾಗ "ಹೂಂ". ಹಸಿರು ಗುಂಡಿ ಬಿಳಿಯದರ ಪಕ್ಕಕ್ಕೇ ಬಂತು. ಎರಡು ಪುಟ್ಟವು ಒಂದರ ಮೇಲೊಂದು ಕುಳಿತವು. ದೊಡ್ಡ ಕಪ್ಪು ಗುಂಡಿಯೊಂದನ್ನು ನನ್ನ ಕೈ ಮೇಜಿನ ಅಂಚಿಗೆ, ಇನ್ನೇನು ಬೀಳುತ್ತದೆ ಎನ್ನುವಲ್ಲಿಗೆ ಕೊಂಡೊಯ್ದು ಇಟ್ಟಿತು. ಅದನ್ನು ಒಳಕ್ಕೆ ತಳ್ಳಬೇಕೆನ್ನಿಸಿತು. ರಬ್ಬರಿನ ಕಥೆ ಓದಿದ್ದೆನಾದ್ದರಿಂದ ತಳ್ಳಲಿಲ್ಲ. ಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿಂದ ಬಾಗಿಲು ಕಾಣುತ್ತದೆಯೇ ಎಂದು. ನಾನು ತಿರುಗಿ ನೋಡಿದೆ. ಆ ಕಪ್ಪು ಗುಂಡಿ ಇದ್ದ ಅಂಚಿನಿಂದ ಕೋಣೆಯ ಬಾಗಿಲಿಗೆ ನೇರ ದಾರಿಯಿತ್ತು. ಚಪ್ಪಲಿ ಹಾಕಿಕೊಂಡು ಬಾಗಿಲು ತೆರೆದಿಟ್ಟವರು ಯಾರೆಂದು ಆಗ ತಿಳಿಯಿತು, ಹೊರಗೆ ಓಡುವುದಕ್ಕಲ್ಲ, ಓಡಬೇಕಾಗಿ ಬಂದರೆ ಎಂದು.

ಈಗ ಗುಂಡಿಗಳು ನನ್ನ ಕೋಣೆಯ ಕಿಟಕಿಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿವೆ. ದಿನವೂ ಬೆಳಗ್ಗೆ ನೋಡುತ್ತೇನೆ, ಮುಟ್ಟುವುದಿಲ್ಲ. ಸಾಮಾನ್ಯವಾಗಿ ಏನೂ ಬದಲಾಗಿರುವುದಿಲ್ಲ. ಕಳೆದ ಗುರುವಾರ ಕಪ್ಪು ಗುಂಡಿ ಅಂಚಿನಿಂದ ಎರಡು ಬೆರಳಷ್ಟು ಒಳಗೆ ಬಂದಿತ್ತು, ಶುಕ್ರವಾರ ಮತ್ತೆ ಅಂಚಿಗೆ ಹೋಗಿತ್ತು. ಪುಟ್ಟವುಗಳ ಪಕ್ಕದಲ್ಲಿ ನಾನು ಇಡದ ಇನ್ನೊಂದು ಗುಂಡಿ ಬಂದಿದೆ, ನಾಲ್ಕು ತೂತುಗಳ ಕಂದುಬಣ್ಣದ್ದು, ಒಂದು ತೂತಿನಲ್ಲಿ ಇನ್ನೂ ದಾರದ ತುಂಡಿದೆ. ಯಾರದೆಂದು ಕೇಳಲು ಅವಸರವಿಲ್ಲ ಎಂದು ತಟ್ಟೆಯ ಕೆಳಗೆ ಚೀಟಿ ಬರೆದಿಟ್ಟಿದ್ದೇನೆ.

ಹದಿಮೂರು ಮೆಟ್ಟಿಲು:

ತಟ್ಟೆಯನ್ನು ಸ್ವಲ್ಪ ದೊಡ್ಡದಕ್ಕೆ ಬದಲಿಸುವುದಿದ್ದರೆ ಮೊದಲು ಅವರಿಗೆ ಚೀಟಿಯಲ್ಲಿ ತಿಳಿಸಿ. ನಮ್ಮಲ್ಲಿ ಹೇಳದೆ ಒಂದು ಕುರ್ಚಿ ಸರಿಸಿದ್ದಕ್ಕೆ ಎಷ್ಟು ದಿನ ಮಾತು ಬಿಟ್ಟಿದ್ದರೆಂದು ಇನ್ನೊಮ್ಮೆ ಬರೆಯುತ್ತೇನೆ.